ಬ್ರಿಟನ್ನಿನ ಹೊಸ ಮನೆಗೆ ಇಂಟರ್ನೆಟ್: ಮೊದಲು ಗೋಡೆ ನೋಡಿ

ಪ್ರತಿ ವರ್ಷ ಸೆಪ್ಟೆಂಬರ್ ಬಂತೆಂದರೆ ಹೊಸದಾಗಿ ರೆಡಿಂಗ್, ಸ್ಲೌ ಕಡೆ ಬಂದ ನಮ್ಮವರಿಂದ ನನಗೆ ಫೋನ್ ಬರುತ್ತದೆ. ಮನೆ ಸಿಕ್ಕಿದೆ, ಮಕ್ಕಳಿಗೆ ಶಾಲೆ ಆಗಿದೆ, ಸೋನಾ ಮಸೂರಿ ಅಕ್ಕಿ ಎಲ್ಲಿ ಸಿಗುತ್ತದೆ ಎಂಬುದೂ ಗೊತ್ತಾಗಿದೆ. ಆದರೆ ರೂಟರ್ ಪೆಟ್ಟಿಗೆ ಬಂದು ನಾಲ್ಕು ದಿನ ಆದರೂ ಇಂಟರ್ನೆಟ್ ಬಂದಿಲ್ಲ. ಸೋಮವಾರದಿಂದ ಮನೆಯಿಂದಲೇ ಕೆಲಸ. ಏನು ಮಾಡೋದು ಅಂತ ಕೇಳುತ್ತಾರೆ.

ಬೆಂಗಳೂರಿನಲ್ಲಿ ಒಂದು ಫೋನ್ ಮಾಡಿದರೆ ಹುಡುಗ ಬೈಕಲ್ಲಿ ಬಂದು, ಮಹಡಿಯಿಂದ ವೈರ್ ಇಳಿಸಿ, ಕಿಟಕಿ ಪಕ್ಕ ತೂತು ಮಾಡಿ, ವೈಫೈ ಪಾಸ್‌ವರ್ಡ್ ಹಾಕಿಕೊಟ್ಟು ಹೋಗುತ್ತಾನೆ. ಮುಂದೆ ಏನಾದರೂ ಆದರೆ ಅವನ ಮೊಬೈಲ್ ನಂಬರ್ ಇದ್ದೇ ಇರುತ್ತದೆ. ಇಲ್ಲಿ ತುಂಬಾ ಮನೆಗಳಿಗೆ ರೂಟರ್ ಅಂಚೆಯಲ್ಲಿ ಬರುತ್ತದೆ. ಜೋಡಿಸಬೇಕಾದವರು ನಾವೇ. ಸಹಾಯ ಮಾಡುವವರು ಫೋನಿನ ಆ ಕಡೆ ಇರುತ್ತಾರೆ, ಅವರಿಗೆ ನಮ್ಮ ಗೋಡೆ ಕಾಣುವುದಿಲ್ಲ. ಆದ್ದರಿಂದ ನಾನು ಎಲ್ಲರಿಗೂ ಮೊದಲು ಹೇಳುವ ಮಾತು ಇದು: ಫೋನ್ ಮಾಡುವ ಮುಂಚೆ ಗೋಡೆ ನೋಡಿ, ಅಲ್ಲಿ ಕಂಡದ್ದನ್ನು ಬಾಯಲ್ಲಿ ಹೇಳಲು ತಯಾರಾಗಿ.

ನಿಮ್ಮ ಮನೆಗೆ ಬಂದಿರುವ ವೈರ್ ಯಾವುದು?

ಬಿಲ್ ಕಳಿಸುವ ಕಂಪನಿ ಒಂದು, ಬೀದಿಯಲ್ಲಿ ವೈರ್ ಎಳೆದ ಕಂಪನಿ ಇನ್ನೊಂದು ಆಗಿರಬಹುದು. ಹೊಸಬರಿಗೆ ಜಾಸ್ತಿ ಗೊಂದಲ ಆಗುವುದು ಇಲ್ಲೇ. ಬಿಟಿ, ಸ್ಕೈ, ಪ್ಲಸ್‌ನೆಟ್, ಝೆನ್ ಹೀಗೆ ಬಹಳ ಕಂಪನಿಗಳು ಓಪನ್‌ರೀಚ್ ಹಾಕಿದ ವೈರಿನ ಮೇಲೆ ಇಂಟರ್ನೆಟ್ ಕೊಡುತ್ತವೆ. ವರ್ಜಿನ್ ಮೀಡಿಯಾಗೆ ತನ್ನದೇ ಕೇಬಲ್ ಇದೆ. ಕೆಲವು ಊರುಗಳಲ್ಲಿ ಸಿಟಿಫೈಬರ್ ಜಾಲವೂ ಇದೆ. ಓಪನ್‌ರೀಚ್ ವೈರ್ ಕೆಟ್ಟರೂ ನೀವು ನೇರವಾಗಿ ಓಪನ್‌ರೀಚ್‌ಗೆ ಫೋನ್ ಮಾಡಿ ದೂರು ಕೊಡುವ ಹಾಗಿಲ್ಲ. ಬಿಲ್ ಕೊಡುವ ಕಂಪನಿಗೇ ಹೇಳಬೇಕು, ಅವರು ಇಂಜಿನಿಯರನ್ನು ಕಳಿಸುತ್ತಾರೆ.

ಈಗ ಗೋಡೆ ನೋಡೋಣ. ಬಾಗಿಲ ಹತ್ತಿರವೋ ಹಾಲಿನಲ್ಲೋ ಒಂದು ಚಿಕ್ಕ ಬಿಳಿ ಪೆಟ್ಟಿಗೆ ಇದೆ, ಅದಕ್ಕೆ ಕರೆಂಟ್ ಪ್ಲಗ್ ಇದೆ, ಮುಂದೆ ಸಣ್ಣ ಲೈಟುಗಳಿವೆ ಅಂದರೆ ಮನೆಯೊಳಗೇ ಫೈಬರ್ ಬಂದಿದೆ ಎಂದು ಅರ್ಥ. ಅದಕ್ಕೆ ಇಲ್ಲಿ ಓಎನ್‌ಟಿ ಎನ್ನುತ್ತಾರೆ. ಅದರಿಂದ ಒಂದು ಈಥರ್ನೆಟ್ ಕೇಬಲ್ ತಂದು ರೂಟರಿನಲ್ಲಿ ವ್ಯಾನ್ (WAN) ಎಂದು ಬರೆದಿರುವ ಪೋರ್ಟಿಗೆ ಹಾಕಿದರೆ ಮುಗಿಯಿತು. ಓಪನ್‌ರೀಚ್ ಪೆಟ್ಟಿಗೆಯಲ್ಲಿ ಪಾನ್ (PON) ಎಂಬ ಲೈಟು ಹಸಿರಾಗಿ ನಿಂತಿದ್ದರೆ ಫೈಬರ್ ಸರಿ ಇದೆ. ಲಾಸ್ (LOS) ಎಂಬ ಲೈಟು ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ, ರೂಟರನ್ನು ಎಷ್ಟು ಸಲ ಆಫ್ ಆನ್ ಮಾಡಿದರೂ ಉಪಯೋಗವಿಲ್ಲ. ಈ ಒಂದು ವಿಷಯ ಹೇಳಿದರೆ ಸಾಕು, ಸಹಾಯವಾಣಿಯವರು ಅರ್ಧ ಗಂಟೆಯ ಪ್ರಶ್ನೆಗಳನ್ನು ಬಿಟ್ಟು ಮುಂದೆ ಹೋಗುತ್ತಾರೆ. ಆ ಪೆಟ್ಟಿಗೆಗೆ ಬರುವ ತೆಳುವಾದ ಫೈಬರ್ ಎಳೆಯನ್ನು ಮಾತ್ರ ಬಿಚ್ಚಬೇಡಿ, ಬಗ್ಗಿಸಬೇಡಿ. ಅದು ಗಾಜು.

ಇನ್ನು ಕೆಲವು ಮನೆಗಳಲ್ಲಿ ಈಗಲೂ ತಾಮ್ರದ ಫೋನ್ ಲೈನೇ ಇದೆ. ಬೀದಿಯ ಹಸಿರು ಡಬ್ಬಿಯವರೆಗೆ ಫೈಬರ್, ಅಲ್ಲಿಂದ ಮನೆಗೆ ತಾಮ್ರ. ಇಂಥ ಮನೆಯಲ್ಲಿ ನಾಲ್ಕೈದು ಫೋನ್ ಸಾಕೆಟ್ ಇರಬಹುದು, ಆದರೆ ಮುಖ್ಯವಾದದ್ದು ಒಂದೇ, ಅದು ಮಾಸ್ಟರ್ ಸಾಕೆಟ್. ಸಾಮಾನ್ಯವಾಗಿ ಅದರ ಮೇಲೆ ಬಿಟಿ ಅಥವಾ ಓಪನ್‌ರೀಚ್ ಗುರುತು ಇರುತ್ತದೆ, ಅಡ್ಡಕ್ಕೆ ಒಂದು ಗೆರೆ ಇರುತ್ತದೆ. ಅದರಲ್ಲಿ ಎರಡು ತೂತು ಇದ್ದರೆ ಚಿಕ್ಕದು ಬ್ರಾಡ್‌ಬ್ಯಾಂಡಿಗೆ. ಒಂದೇ ಇದ್ದರೆ ರೂಟರ್ ಜೊತೆ ಬಂದ ಮೈಕ್ರೋಫಿಲ್ಟರ್ (ಫೋನು, ಇಂಟರ್ನೆಟ್ ಎರಡನ್ನೂ ಬೇರೆ ಮಾಡುವ ಸಣ್ಣ ಡಬ್ಬಿ) ಹಾಕಿ, ಅದರ ಮೂಲಕ ರೂಟರ್ ಜೋಡಿಸಬೇಕು.

ನಾವು ಬಂದ ಮೊದಲ ವರ್ಷ ನಮಗೆ ಇದು ಗೊತ್ತಿರಲಿಲ್ಲ. ಕೆಲಸದ ಮೇಜು ಮಹಡಿಯ ಕೋಣೆಯಲ್ಲಿತ್ತು, ಅಲ್ಲಿ ಕಂಡ ಸಾಕೆಟ್ಟಿಗೆ ರೂಟರ್ ಹಾಕಿದೆವು. ಆರು ದಿನ ಇಂಟರ್ನೆಟ್ ಇಲ್ಲ. ಎರಡು ಸಲ ಫೋನ್ ಮಾಡಿ "ಬರ್ತಾ ಇಲ್ಲ" ಅಂದೆ. ಎರಡು ಸಲವೂ ಆ ಕಡೆಯವರು ಆಫ್ ಮಾಡಿ ಆನ್ ಮಾಡಿ ಅಂದರು. ಮೂರನೇ ಸಲ ಸಿಕ್ಕ ಹೆಣ್ಣುಮಗಳು ಸಮಾಧಾನವಾಗಿ, "ಸಾಕೆಟ್ ಮೇಲೆ ಏನು ಬರೆದಿದೆ, ಎಷ್ಟು ತೂತು ಇದೆ?" ಎಂದು ಕೇಳಿದರು. ಏನೂ ಬರೆದಿರಲಿಲ್ಲ. ಹಿಂದೆ ಯಾರೋ ಎಳೆದು ಬಿಟ್ಟಿದ್ದ, ಜೀವವಿಲ್ಲದ ಸಾಕೆಟ್ ಅದು. ಕೆಳಗೆ ಸೋಫಾ ಹಿಂದೆ ಮಾಸ್ಟರ್ ಸಾಕೆಟ್ ಸಿಕ್ಕಿತು, ಐದು ನಿಮಿಷದಲ್ಲಿ ಇಂಟರ್ನೆಟ್ ಬಂತು. ಆ ಎರಡು ಪ್ರಶ್ನೆಗಳನ್ನು ನಾನು ಇವತ್ತಿಗೂ ಎಲ್ಲರಿಗೂ ಕೇಳುತ್ತೇನೆ.

ಮಾಸ್ಟರ್ ಸಾಕೆಟ್ಟಿಗೇ ಹಾಕಿದರೂ ಬರುತ್ತಿಲ್ಲ ಅಂದರೆ ಅದರ ಮುಂದಿನ ಮುಚ್ಚಳ ತೆಗೆಯಿರಿ. ಒಳಗೆ ಟೆಸ್ಟ್ ಸಾಕೆಟ್ ಇರುತ್ತದೆ. ರೂಟರನ್ನು ಮೈಕ್ರೋಫಿಲ್ಟರ್ ಮೂಲಕ ಅಲ್ಲಿ ಹಾಕಿದಾಗ ಬಂದರೆ ತೊಂದರೆ ನಿಮ್ಮ ಮನೆಯೊಳಗಿನ ವೈರಿನದು. ಅಲ್ಲೂ ಬರದಿದ್ದರೆ ಬಹುಮಟ್ಟಿಗೆ ಲೈನಿನದು. ಇದು ಮುಖ್ಯ, ಯಾಕೆಂದರೆ ಇಂಜಿನಿಯರ್ ಬಂದು ದೋಷ ನಿಮ್ಮ ಮನೆಯ ವೈರಿನದು ಅಂದರೆ ಆ ಭೇಟಿಗೆ ನೀವೇ ದುಡ್ಡು ಕೊಡಬೇಕಾಗಬಹುದು.

ವರ್ಜಿನ್ ಆದರೆ ಟೀವಿ ಕೇಬಲ್ ಥರ ದಪ್ಪ ಕೇಬಲ್ಲನ್ನು ಕೈಯಲ್ಲಿ ತಿರುಗಿಸಿ ಬಿಗಿ ಮಾಡಬೇಕು. ಸಡಿಲ ಇದ್ದರೆ ಬಂದು ಹೋಗಿ ಮಾಡುತ್ತದೆ. ಹೈಪರ್‌ಆಪ್ಟಿಕ್ ಎಂಬ ಕಂಪನಿಯ ಜಾಲ ಇರುವ ಅನೇಕ ಫ್ಲ್ಯಾಟುಗಳಲ್ಲಿ ಗೋಡೆಯಲ್ಲೇ ಈಥರ್ನೆಟ್ ಸಾಕೆಟ್ ಇರುತ್ತದೆ, ಅದು ಸುಲಭ.

ಊರಿಂದ ರೂಟರ್ ತರಬಹುದಾ ಎಂದು ಬಹಳ ಜನ ಕೇಳುತ್ತಾರೆ. ಎರಡೂ ದೇಶಗಳಲ್ಲಿ 230 ವೋಲ್ಟ್, ಹಾಗಾಗಿ ಪ್ಲಗ್ ಬದಲಿಸಿದರೆ ಆನ್ ಆಗುತ್ತದೆ. ವ್ಯಾನ್ ಪೋರ್ಟ್ ಇರುವ ಬರೀ ವೈಫೈ ರೂಟರ್ ಆದರೆ ಓಎನ್‌ಟಿ ಪೆಟ್ಟಿಗೆಯ ಜೊತೆ ನಡೆಯಬಹುದು. ಬೆಂಗಳೂರಿನ ಕಂಪನಿಯವರು ಕೊಟ್ಟ ಫೈಬರ್ ಪೆಟ್ಟಿಗೆ ಇಲ್ಲಿ ನಡೆಯುವುದಿಲ್ಲ. ನನ್ನ ಮಾತು ಕೇಳಿದರೆ, ಸೂಟ್‌ಕೇಸಿನ ಆ ಜಾಗದಲ್ಲಿ ಸಾರಿನ ಪುಡಿ ತನ್ನಿ. ಶುರುವಿನಲ್ಲಿ ಕಂಪನಿ ಕೊಟ್ಟ ರೂಟರನ್ನೇ ಬಳಸಿ, ಆಗ ಸಹಾಯ ಕೇಳುವುದೂ ಸುಲಭ.

ಕನೆಕ್ಷನ್ ಬರುವ ದಿನ

ಅವರು ಕೊಟ್ಟ ತಾರೀಖಿನ ಬೆಳಿಗ್ಗೆಯೇ ಬರುತ್ತದೆ ಎಂದು ಕಾಯಬೇಡಿ. ಕೆಲವು ಸಲ ಆ ದಿನ ಮಧ್ಯರಾತ್ರಿಯೊಳಗೆ ಯಾವಾಗ ಬೇಕಾದರೂ ಬರಬಹುದು. ತಾಮ್ರದ ಲೈನ್ ಆದರೆ ಇಂಜಿನಿಯರ್ ನಿಮ್ಮ ಮನೆಗೆ ಬಾರದೆ ಬೀದಿಯ ಡಬ್ಬಿಯಲ್ಲೇ ಕೆಲಸ ಮುಗಿಸಿ ಹೋಗಿರುತ್ತಾರೆ. ಹೊಸದಾಗಿ ಫೈಬರ್ ಹಾಕಬೇಕಾದರೆ ಗೋಡೆ ಕೊರೆಯಬೇಕು. ಬಾಡಿಗೆ ಮನೆಯಲ್ಲಿ ಅದಕ್ಕೆ ಮಾಲೀಕರ ಒಪ್ಪಿಗೆ ಈಮೇಲಿನಲ್ಲಿ ಮೊದಲೇ ತೆಗೆದುಕೊಳ್ಳಿ. ಒಪ್ಪಿಗೆ ಇಲ್ಲದೆ ಇಂಜಿನಿಯರ್ ಬಾಗಿಲಿಂದ ವಾಪಸ್ ಹೋದದ್ದನ್ನು ನೋಡಿದ್ದೇನೆ, ಮುಂದಿನ ತಾರೀಖಿಗೆ ಮತ್ತೆ ವಾರಗಟ್ಟಲೆ ಕಾಯಬೇಕಾಯಿತು.

ಮುಂಚೆ ಇದ್ದವರು ತಮ್ಮ ಕನೆಕ್ಷನ್ ನಿಲ್ಲಿಸಿದ್ದಾರಾ ಎಂದೂ ಏಜೆಂಟನ್ನು ಕೇಳಿ. ಇನ್ನೊಂದು ವಿಷಯ, ಇಲ್ಲಿ ಒಪ್ಪಂದಗಳು ಸಾಮಾನ್ಯವಾಗಿ 18 ಅಥವಾ 24 ತಿಂಗಳು. ಆರು ತಿಂಗಳ ಬಾಡಿಗೆ ಕರಾರು ಇದ್ದರೆ ಯೋಚಿಸಿ, ಮಧ್ಯದಲ್ಲಿ ಬಿಟ್ಟರೆ ಉಳಿದ ತಿಂಗಳುಗಳಿಗೆ ದುಡ್ಡು ಕೇಳುತ್ತಾರೆ. ತಿಂಗಳು ತಿಂಗಳಿನ ಯೋಜನೆ ಅಥವಾ ಸಿಮ್ ಹಾಕುವ 5ಜಿ ರೂಟರ್ ತುಸು ದುಬಾರಿ ಆದರೂ ಪರವಾಗಿಲ್ಲ. ಹೊಸದಾಗಿ ಬಂದವರಿಗೆ ಇಲ್ಲಿ ಸಾಲದ ಚರಿತ್ರೆಯೇ ಇರುವುದಿಲ್ಲ, ಅದಕ್ಕೇ ಕೆಲವು ಕಂಪನಿಗಳು ಇಲ್ಲ ಅನ್ನಬಹುದು ಅಥವಾ ಠೇವಣಿ ಕೇಳಬಹುದು. ಬೇಜಾರು ಮಾಡಿಕೊಳ್ಳಬೇಡಿ, ಇನ್ನೊಂದು ಕಂಪನಿ ಕೇಳಿ. ಆನ್‌ಲೈನಿನಲ್ಲೋ ಫೋನಿನಲ್ಲೋ ಒಪ್ಪಿಕೊಂಡಿದ್ದರೆ ಮನಸ್ಸು ಬದಲಿಸಲು 14 ದಿನ ಇರುತ್ತದೆ.

ಅಲ್ಲಿಯವರೆಗೆ ಒಂದು ಡೇಟಾ ಸಿಮ್ ಇಟ್ಟುಕೊಳ್ಳಿ. ಸಹಾಯ ಕೇಳಲಿಕ್ಕೂ ಇಂಟರ್ನೆಟ್ ಬೇಕು, ಅಲ್ವಾ?

ಫೋನ್ ಮಾಡಿದಾಗ

ಪೆನ್ನು, ಕಾಗದ ಹತ್ತಿರ ಇಟ್ಟುಕೊಳ್ಳಿ. ಖಾತೆ ನಂಬರ್, ಪೋಸ್ಟ್‌ಕೋಡ್, ರೂಟರಿನ ಯಾವ ಲೈಟು ಯಾವ ಬಣ್ಣ, ಅದು ನಿಂತಿದೆಯೋ ಮಿನುಗುತ್ತಿದೆಯೋ, ಎಲ್ಲವನ್ನೂ ಮೊದಲೇ ಬರೆದಿಡಿ. ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ರೂಟರಿಗೆ ಜೋಡಿಸಿ ನೋಡಿ. ಕೇಬಲ್ಲಿನಲ್ಲಿ ಬಂದು ವೈಫೈನಲ್ಲಿ ಬರದಿದ್ದರೆ ಅದು ಲೈನಿನ ತೊಂದರೆಯೇ ಅಲ್ಲ.

ಅಕ್ಷರ ಹೇಳುವಾಗ ಎಚ್ಚರ. ನಮ್ಮ ಬಾಯಲ್ಲಿ ವಿ ಮತ್ತು ಡಬ್ಲ್ಯೂದಿಂದ ಶುರುವಾಗುವ ಪದಗಳು ಒಂದೇ ಥರ ಕೇಳಿಸುತ್ತವೆ. ಫೋನಿನಲ್ಲಿ ಎಂ ಮತ್ತು ಎನ್ ಯಾರಿಗೂ ಗೊತ್ತಾಗುವುದಿಲ್ಲ. ವಿ ಫಾರ್ ವಿಕ್ಟರ್, ಎಂ ಫಾರ್ ಮದರ್ ಎಂದು ಬಿಡಿಸಿ ಹೇಳಿ. ಆ ಕಡೆಯವರು ಸ್ಕಾಟ್ಲೆಂಡಿನವರೋ ಲಿವರ್‌ಪೂಲಿನವರೋ ಆಗಿ ಮಾತು ಅರ್ಥ ಆಗದಿದ್ದರೆ ಸುಮ್ನೆ ಹ್ಞೂಂ ಅನ್ನಬೇಡಿ. ನಿಧಾನವಾಗಿ ಹೇಳಿ ಎಂದು ಕೇಳುವುದರಲ್ಲಿ ಸಂಕೋಚ ಏನೂ ಇಲ್ಲ. ಬರೆದು ಮಾತಾಡುವ ಚಾಟ್ ಇದ್ದರೆ ನನಗಂತೂ ಅದೇ ಇಷ್ಟ, ಯಾಕೆಂದರೆ ಮಾತೆಲ್ಲ ಬರಹದಲ್ಲಿ ಉಳಿಯುತ್ತದೆ.

ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಪ್ಲಗ್ ತೆಗೆದು ಹಾಕುವುದು ರೀಸ್ಟಾರ್ಟ್. ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚುವುದು ರೀಸೆಟ್, ಅದರಿಂದ ನೀವು ಹಾಕಿದ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿ ಹೋಗುತ್ತದೆ. ಅವರು ಹೇಳದೆ ಪಿನ್ ಚುಚ್ಚಬೇಡಿ.

ಕೊನೆಗೆ ದೂರಿನ ನಂಬರ್ ಕೇಳಿ ಬರೆದುಕೊಳ್ಳಿ. ಯಾಕೆ ಅಂದರೆ, ಇಲ್ಲಿನ ದೂರಸಂಪರ್ಕ ನಿಯಂತ್ರಕರಾದ ಆಫ್‌ಕಾಮ್ 2019ರ ಏಪ್ರಿಲ್‌ನಿಂದ ಪರಿಹಾರದ ಯೋಜನೆ ತಂದಿದೆ. ಎಲ್ಲ ಕಂಪನಿಗಳೂ ಇದರಲ್ಲಿಲ್ಲ, ಆದರೆ ಬಿಟಿ, ಸ್ಕೈ, ವರ್ಜಿನ್ ಮೀಡಿಯಾ, ಹೈಪರ್‌ಆಪ್ಟಿಕ್ ಇವೆ. ಹೇಳಿದ ದಿನ ಕನೆಕ್ಷನ್ ಶುರುವಾಗದಿದ್ದರೆ ದಿನಕ್ಕೆ ಇಷ್ಟು, ಇಂಜಿನಿಯರ್ ಬಾರದಿದ್ದರೆ ಇಷ್ಟು, ಇಂಟರ್ನೆಟ್ ಪೂರ್ತಿ ನಿಂತು ಎರಡು ಕೆಲಸದ ದಿನಗಳಲ್ಲಿ ಸರಿಯಾಗದಿದ್ದರೆ ಆಮೇಲೆ ದಿನಕ್ಕೆ ಇಷ್ಟು ಅಂತ ದುಡ್ಡು ಬಿಲ್ಲಿಗೆ ಜಮಾ ಆಗುತ್ತದೆ. ಶುರುವಾದಾಗ ಅದು ಕ್ರಮವಾಗಿ 5, 25 ಮತ್ತು 8 ಪೌಂಡ್ ಇತ್ತು, ಆಮೇಲೆ ಏರಿದೆ. ಇಂಟರ್ನೆಟ್ ನಿಂತ ಲೆಕ್ಕ ಶುರುವಾಗುವುದು ನೀವು ದೂರು ಕೊಟ್ಟ ಮೇಲೆ. ಹಾಗಾಗಿ ತಾನಾಗಿ ಬರುತ್ತೇನೋ ನೋಡೋಣ ಎಂದು ಮೂರು ದಿನ ಕಾಯುವುದು ನಷ್ಟ.

ಈಗ ಕಂಪನಿ ಬದಲಿಸುವುದೂ ಸುಲಭ. 2024ರ ಸೆಪ್ಟೆಂಬರ್ 12ರಿಂದ ಹೊಸ ಕಂಪನಿಗೆ ಹೇಳಿದರೆ ಸಾಕು, ಹಳೆಯವರ ಜೊತೆ ಅವರೇ ಮಾತಾಡಿ ಮುಗಿಸುತ್ತಾರೆ.

ನೀವು ಕರೆಯದೆ ಯಾರಾದರೂ ಫೋನ್ ಮಾಡಿ, "ನಿಮ್ಮ ರೂಟರ್ ಹಾಳಾಗಿದೆ, ಈ ಆ್ಯಪ್ ಹಾಕಿಕೊಳ್ಳಿ, ನಿಮ್ಮ ಪರದೆ ತೋರಿಸಿ" ಅಂದರೆ ತಕ್ಷಣ ಇಟ್ಟುಬಿಡಿ. ಬಿಲ್ಲಿನ ಮೇಲಿರುವ ನಂಬರಿಗೆ ನೀವೇ ವಾಪಸ್ ಫೋನ್ ಮಾಡಿ ವಿಚಾರಿಸಿ. ಅಂಥ ಮೆಸೇಜ್ ಬಂದರೆ ಮೋಸದ ಮೆಸೇಜುಗಳ ದೂರಿಗೆ ಇರುವ 7726 ನಂಬರಿಗೆ ಕಳಿಸಿ.

ಬಂದ ಮೇಲೆ

ಮಲಗುವಾಗ ಎಲ್ಲ ಸ್ವಿಚ್ ಆಫ್ ಮಾಡುವುದು ನಮ್ಮ ಅಭ್ಯಾಸ. ರೂಟರನ್ನು ಬಿಟ್ಟುಬಿಡಿ. ತಾಮ್ರದ ಲೈನಿನಲ್ಲಿ ಮೊದಲ ಹತ್ತು ದಿನ ಲೈನ್ ತನ್ನ ವೇಗವನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಪದೇ ಪದೇ ಆಫ್ ಮಾಡಿದರೆ ಲೈನಿನಲ್ಲೇ ದೋಷ ಇದೆ ಎಂದು ತಿಳಿದು ವೇಗ ಇಳಿಸಿಬಿಡಬಹುದು. ರೂಟರನ್ನು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಮುಚ್ಚಿಡಬೇಡಿ, ಇಲ್ಲಿನ ಹಳೆಯ ಇಟ್ಟಿಗೆ ಗೋಡೆಗಳನ್ನು ವೈಫೈ ಸುಲಭವಾಗಿ ದಾಟುವುದಿಲ್ಲ. ಮುಂದೆ ಯಾವಾಗಲಾದರೂ ರೂಟರ್ ಬದಲಾದರೆ ಹಳೆಯ ವೈಫೈ ಹೆಸರು, ಪಾಸ್‌ವರ್ಡನ್ನೇ ಹೊಸದಕ್ಕೂ ಇಡಿ, ಮನೆಯ ಫೋನು, ಟೀವಿ ಎಲ್ಲ ತಾವಾಗಿಯೇ ಸೇರಿಕೊಳ್ಳುತ್ತವೆ.

ಮನೆಗೆ ಲ್ಯಾಂಡ್‌ಲೈನ್ ಫೋನ್ ಇದ್ದರೆ ಅದೂ ಈಗ ರೂಟರಿನ ಮೂಲಕವೇ ನಡೆಯುತ್ತಿರಬಹುದು. ಹಳೆಯ ಫೋನ್ ಜಾಲವನ್ನು 2027ರ ಜನವರಿಯೊಳಗೆ ಮುಚ್ಚುವ ತೀರ್ಮಾನ ಆಗಿದೆ. ರೂಟರಿನ ಮೂಲಕ ನಡೆಯುವ ಫೋನಾದರೆ, ಬ್ಯಾಟರಿ ವ್ಯವಸ್ಥೆ ಇಲ್ಲದಿದ್ದರೆ, ಕರೆಂಟ್ ಹೋದಾಗ ಅದರಿಂದ ತುರ್ತು ಸಹಾಯದ ನಂಬರಾದ 999ಕ್ಕೆ ಕರೆ ಹೋಗುವುದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಮೊಬೈಲ್ ಒಂದನ್ನು ಚಾರ್ಜ್ ಮಾಡಿ ಅವರ ಕೈಗೆ ಸಿಗುವ ಹಾಗೆ ಇಡಿ.

ಇಷ್ಟೆಲ್ಲ ಮಾಡಿಯೂ ಬಗೆಹರಿಯದಿದ್ದರೆ ನಿಮ್ಮ ಊರಿನ ಕನ್ನಡದವರನ್ನು ಯಾರನ್ನಾದರೂ ಕೇಳಿ. ವಿಡಿಯೋ ಕರೆಯಲ್ಲಿ ಗೋಡೆ, ಪೆಟ್ಟಿಗೆ, ಲೈಟು ತೋರಿಸಿ. ಶನಿವಾರ ಒಂದು ಗಂಟೆ ಅದಕ್ಕೆ ಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ನನಗೂ ಮೊದಲ ವರ್ಷ ಹಾಗೆ ಕೊಟ್ಟವರಿದ್ದರು.

ನಮ್ಮ ಮನೆಯಲ್ಲಿ ರೂಟರ್ ಪಕ್ಕ ಒಂದು ಕಾಗದ ಅಂಟಿಸಿದ್ದೇನೆ. ಮೇಲೆ ಖಾತೆ ನಂಬರ್, ಸಹಾಯವಾಣಿ ನಂಬರ್. ಕೆಳಗೆ ದೊಡ್ಡ ಕನ್ನಡ ಅಕ್ಷರದಲ್ಲಿ: "ಬಿಳಿ ಪೆಟ್ಟಿಗೆಯಲ್ಲಿ ಹಸಿರು ಇದ್ದರೆ ಸರಿ. ಕೆಂಪು ಬಂದರೆ ನನಗೆ ಫೋನ್ ಮಾಡಿ. ಏನೂ ಕಿತ್ತು ಹಾಕಬೇಡಿ." ಹೋದ ಬೇಸಿಗೆಯಲ್ಲಿ ಮೈಸೂರಿಂದ ಅಮ್ಮ ಬಂದಿದ್ದಾಗ ಒಂದು ಮಧ್ಯಾಹ್ನ ನನ್ನ ಆಫೀಸಿಗೆ ಫೋನ್ ಮಾಡಿ, "ಲಾಸ್ ಅನ್ನೋದರ ಹತ್ತಿರ ಕೆಂಪು ಬಂದಿದೆ ಕಣೋ, ನಾನು ಏನೂ ಮುಟ್ಟಿಲ್ಲ" ಅಂದರು. ನಾನು ಆಫೀಸಿನಿಂದಲೇ ದೂರು ಕೊಟ್ಟೆ, ಮಾರನೇ ದಿನ ಇಂಜಿನಿಯರ್ ಬಂದರು.