ಬೊಲಾರ್ಡ್: ಎಲ್ಲಿ ಕಾಯಂ ಕಂಬ, ಎಲ್ಲಿ ಇಳಿಸುವ ಕಂಬ?

ಬೊಲಾರ್ಡ್ ಎಂದರೆ ವಾಹನ ನುಗ್ಗದಂತೆ ನೆಡುವ ಗಿಡ್ಡ ಕಂಬ. ನೆಲದೊಳಕ್ಕೆ ಇಳಿಸುವ ಬೊಲಾರ್ಡ್‌ಗಳು ಹಾಳಾಗುವುದು ಕಾರು ಗುದ್ದಿದ್ದಕ್ಕಿಂತ ಹೆಚ್ಚಾಗಿ ಗುಂಡಿಯಲ್ಲಿ ನೀರು ನಿಂತು. ಆದ್ದರಿಂದ ಬೆಲೆ ವಿಚಾರಿಸುವ ಮುನ್ನ ನೆಲ ನೋಡಿ.

ಕಂಬ ನೆಡುವ ಜಾಗದ ಗುರುತು ನಿಮ್ಮ ನಿವೇಶನದ ಗಡಿಯೊಳಗೇ ಇರಲಿ. ಫುಟ್‌ಪಾತ್ ಮೇಲೆ ಸ್ವಂತಕ್ಕೆ ನೆಡುವಂತಿಲ್ಲ. ಕಂಬಗಳ ನಡುವೆ 1.2 ಮೀಟರ್ ಬಿಡಿ. ಗಾಲಿಕುರ್ಚಿ ಹೋಗುತ್ತದೆ, ಆಲ್ಟೊ ಕಾರೂ ನುಸುಳದು. ಬೈಕ್ ಮಾತ್ರ ನುಸುಳಿಯೇ ನುಸುಳುತ್ತದೆ.

ವಾಹನ ಹಾಯದ ಕಡೆಯೆಲ್ಲ ಕಾಯಂ ಕಂಬವೇ ಸರಿ. 4 ಇಂಚಿನ ಸಿ ಕ್ಲಾಸ್ (ದಪ್ಪ ಗೋಡೆಯ) ಕಬ್ಬಿಣದ ಪೈಪ್, ನೆಲದ ಮೇಲೆ 900 ಮಿ.ಮೀ., ಒಳಗೆ 600. ಗುಂಡಿ 450 ಮಿ.ಮೀ. ಚದರ, 700 ಆಳ. ಒಂದು ಪಾಲು ಸಿಮೆಂಟ್, ಒಂದೂವರೆ ಎಂ-ಸ್ಯಾಂಡ್, ಮೂರು ಜೆಲ್ಲಿ. ಕಂಬಕ್ಕೆ ಒಂದೂಕಾಲು ಮೂಟೆ ಸಿಮೆಂಟ್ ಹಿಡಿಯುತ್ತದೆ. ಪೈಪಿನೊಳಗೂ ಕಾಂಕ್ರೀಟ್ ತುಂಬಿ, ಏಳು ದಿನ ನೀರು ಹಾಕಿ. ಟೈಲ್ಸ್ ಮೇಲೆ ನಾಲ್ಕು ಬೋಲ್ಟ್ ಬಿಗಿದು ನಿಲ್ಲಿಸುವ ತಗಡಿನ ಕಂಬ ಬೇಡವೇ ಬೇಡ. ರಿವರ್ಸ್‌ನಲ್ಲಿ ಕಾರು ತಾಗಿದರೆ ಟೈಲ್ಸ್ ಸಮೇತ ಕಿತ್ತುಬರುತ್ತದೆ.

ಇಳಿಸುವ ಕಂಬ ಬೇಕಿರುವುದು ದಿನಾ ಕಾರು ಹೋಗುವ ಬಾಯಿಗೆ, ಅಪಾರ್ಟ್‌ಮೆಂಟಿನಲ್ಲಿ ಅಗ್ನಿಶಾಮಕ ವಾಹನದ ದಾರಿಗೆ ಮಾತ್ರ. 9 ಅಡಿ ಗೇಟಿಗೆ ನಡುವೆ ಒಂದೇ ಸಾಕು.

ಎಡವಟ್ಟಾಗುವುದು ಇದರ ಗುಂಡಿಯಲ್ಲಿ. 900 ಮಿ.ಮೀ. ಕಂಬ ಇಳಿದು ಕೂರುವ ಹೊರಕೊಳವೆ ಸುಮಾರು 1.1 ಮೀಟರ್ ಇರುತ್ತದೆ. ಅದರಡಿ 300 ಮಿ.ಮೀ. ದಪ್ಪಕ್ಕೆ 40 ಎಂ.ಎಂ. ಗಾತ್ರದ ಜೆಲ್ಲಿ ಹಾಸಬೇಕು. ಅಂದರೆ 1.4 ಮೀಟರ್ ಅಗೆತ. ಕೇಬಲ್, ನೀರಿನ ಪೈಪ್, ಯುಜಿಡಿ (ಒಳಚರಂಡಿ) ಎಲ್ಲಿವೆ ಎಂದು ಮೊದಲೇ ತಿಳಿದುಕೊಳ್ಳಿ. ಅಗೆದ ಮೇಲೆ ಎರಡು ಬಕೆಟ್ ನೀರು ಸುರಿಯಿರಿ. ಒಂದು ಗಂಟೆ ಕಳೆದರೂ ಇಂಗದಿದ್ದರೆ ತಳದಿಂದ ಚರಂಡಿಗೆ ಪೈಪ್ ಬೇಕು. ಚರಂಡಿಯೇ ಗುಂಡಿಯ ತಳಕ್ಕಿಂತ ಮೇಲಿದ್ದರೆ ಮಳೆನೀರು ಪೈಪಿನಲ್ಲಿ ಹಿಮ್ಮುಖವಾಗಿ ಬರುತ್ತದೆ. ಅಲ್ಲಿಗೆ ಆಸೆ ಬಿಟ್ಟು, ಬೀಗ ತೆಗೆದು ಎತ್ತಿಡುವ ಕಂಬ ಹಾಕಿಸಿ.

ಗುಂಡಿ ಕಂಡೊಡನೆ ತಳಕ್ಕೆ ಕಾಂಕ್ರೀಟ್ ಬೆಡ್ ಹಾಕುವುದು ಮೇಸ್ತ್ರಿಗಳ ರೂಢಿ. ಇಲ್ಲಿ ಅದು ತೊಟ್ಟಿ ಕಟ್ಟಿದ ಹಾಗೆ. ಕಾಂಕ್ರೀಟ್ ಕೊಳವೆಯ ಸುತ್ತ ಮಾತ್ರ. ಸಿಮೆಂಟ್ ಹಾಲು ಇಳಿದು ಜೆಲ್ಲಿಯ ಸಂದು ಮುಚ್ಚದಂತೆ ಕೊಳವೆಯ ಸುತ್ತ ಜೆಲ್ಲಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ. ಕಂಬವನ್ನು ಪೂರ್ತಿ ಎತ್ತಿ ಎರಡು ದಿಕ್ಕಿನಿಂದ ತೂಗುಗುಂಡು ಹಿಡಿದು ನೋಡಿದ ಮೇಲೆಯೇ ಕಾಂಕ್ರೀಟ್ ಸುರಿಯಬೇಕು. ಕೊಳವೆ ವಾಲಿದರೆ ಕಂಬ ಕಚ್ಚಿಕೊಳ್ಳುತ್ತದೆ, ಆಮೇಲೆ ಒಡೆಯದೆ ದಾರಿಯಿಲ್ಲ. ಕಾಲರ್, ಅಂದರೆ ಕೊಳವೆಯ ಬಾಯಿಯ ಪಟ್ಟಿ, ನೆಲಕ್ಕಿಂತ 5 ಮಿ.ಮೀ. ಎತ್ತರವಿರಲಿ, ಸುತ್ತ ಹೊರಗಿಳಿಜಾರು ಕೊಡಿ.

ಇಳಿಸುವ ಕಂಬದ ಸ್ಟೇನ್‌ಲೆಸ್ ಸ್ಟೀಲ್ 304 ದರ್ಜೆ ಸಾಕು. ಮಂಗಳೂರು, ಕಾರವಾರದ ಉಪ್ಪುಗಾಳಿಗೆ 316 ಬೇಕು. ಒಂದು ಕಾರಿನ ಮನೆಗೆ ಮೋಟಾರ್ ದಂಡ. ಹಾಕಿಸಲೇಬೇಕಿದ್ದರೆ ಕರೆಂಟ್ ಹೋದಾಗ ಕೈಯಿಂದ ಇಳಿಸುವ ವ್ಯವಸ್ಥೆ ಇದೆಯೇ ಎಂದು ಅಂಗಡಿಯಲ್ಲೇ ಇಳಿಸಿ ತೋರಿಸಲು ಹೇಳಿ.

ಮಳೆಗಾಲಕ್ಕೆ ಮುಂಚೆ ಕಾಲರ್‌ನ ಹೂಳು ತೆಗೆದು, ಬೀಗಕ್ಕೆ ಗ್ರಾಫೈಟ್ ಪುಡಿ ಹಾಕಿ. ಎಣ್ಣೆ ಬೇಡ, ಮಣ್ಣು ಅಂಟಿ ಕೀಲಿ ತಿರುಗುವುದಿಲ್ಲ.