ಪಿಯುಸಿ ಅಂದರೆ ಅಮೆರಿಕದಲ್ಲಿ ಏನು?

ಅಮೆರಿಕಕ್ಕೆ ಬಂದ ಹೊಸದರಲ್ಲಿ ಒಂದು ಕೆಲಸಕ್ಕೆ ಅರ್ಜಿ ತುಂಬುತ್ತಿದ್ದೆ. ಕಾಲೇಜಿನಲ್ಲಿ ಎಷ್ಟು ವರ್ಷ ಓದಿದ್ದೀರಿ ಅಂತ ಕೇಳಿದ್ದರು. ಪಿಯುಸಿ ಎರಡು, ಬಿಕಾಂ ಮೂರು, ಒಟ್ಟು ಐದು ಅಂತ ಬರೆದೆ. ಸಂದರ್ಶನ ಮಾಡಿದಾಕೆ ಕಾಗದ ನೋಡಿ, "ಐದು ವರ್ಷ ಓದಿದ್ದೀರಿ, ಮಾಸ್ಟರ್ಸ್ ಎಲ್ಲಿ?" ಅಂದರು. ನಮ್ಮ ಪಿಯು ಕಾಲೇಜು ಇಲ್ಲಿ ಕಾಲೇಜೇ ಅಲ್ಲ. ಹೈಸ್ಕೂಲಿನ ಕೊನೆಯ ಎರಡು ವರ್ಷ, ಅಷ್ಟೇ.

ಅಂದಿನಿಂದ ಯಾರು ಕೇಳಿದರೂ ನಾನು ಹೇಳುವುದು ಒಂದೇ: ಸರ್ಟಿಫಿಕೇಟಿನ ಹೆಸರು ಬಿಡಿ, ಒಂದನೇ ಕ್ಲಾಸಿನಿಂದ ವರ್ಷ ಎಣಿಸಿ. ಅಮೆರಿಕದ ಶಾಲೆ 12ನೇ ಗ್ರೇಡಿಗೆ ಮುಗಿಯುತ್ತದೆ, ಆಗ ಹೈಸ್ಕೂಲ್ ಡಿಪ್ಲೊಮಾ ಸಿಗುತ್ತದೆ. ಆಮೇಲೆ ಎರಡು ವರ್ಷಕ್ಕೆ ಅಸೋಸಿಯೇಟ್ ಡಿಗ್ರಿ, ನಾಲ್ಕು ವರ್ಷಕ್ಕೆ ಬ್ಯಾಚುಲರ್ಸ್. ಹಾಗಾಗಿ ಎಸ್ಸೆಸ್ಸೆಲ್ಸಿ ಅಂದರೆ 10ನೇ ಗ್ರೇಡ್, ಸೆಕೆಂಡ್ ಪಿಯುಸಿ ಪಾಸಾದರೆ ಹೈಸ್ಕೂಲ್ ಮುಗಿದ ಹಾಗೆ.

ಇಂಗ್ಲೆಂಡಿನವರ ವಿಷಯದಲ್ಲಿ ಮಾತ್ರ ವಯಸ್ಸನ್ನೂ ನೋಡಬೇಕು. ಅಲ್ಲಿ ಇಯರ್ 1 ಶುರುವಾಗುವುದೇ ಐದನೇ ವಯಸ್ಸಿಗೆ, ಇಲ್ಲಿನ ಒಂದನೇ ಗ್ರೇಡಿಗಿಂತ ಒಂದು ವರ್ಷ ಮೊದಲು. ಆದ್ದರಿಂದ ಜಿಸಿಎಸ್‌ಇ ಅನ್ನುವ, ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆ ಬರೆಯುವ ಇಯರ್ 11 ಇಲ್ಲಿನ 10ನೇ ಗ್ರೇಡಿನ ವಯಸ್ಸು. ಅಲ್ಲಿನ ಶಾಲೆಯ ಕೊನೆಯ ಪರೀಕ್ಷೆ ಎ ಲೆವೆಲ್, ಅದು ಮುಗಿಯುವುದು 18ನೇ ವಯಸ್ಸಿಗೆ. ಅದರಲ್ಲಿ ಒಳ್ಳೆ ಗ್ರೇಡ್ ಬಂದಿದ್ದರೆ ಎಷ್ಟೋ ಯೂನಿವರ್ಸಿಟಿಗಳು ಕಾಲೇಜ್ ಕ್ರೆಡಿಟ್ಟನ್ನೂ, ಅಂದರೆ ಡಿಗ್ರಿಯ ಲೆಕ್ಕಕ್ಕೆ ಸೇರುವ ಪಾಯಿಂಟುಗಳನ್ನೂ, ಕೊಡುತ್ತವೆ. ಫ್ರಾನ್ಸಿನ ಬಾಕಲೋರಿಯಾ ಹೆಸರು ಕೇಳಿ ಬ್ಯಾಚುಲರ್ಸ್ ಅಂದುಕೊಳ್ಳಬೇಡಿ, ಅದೂ ಶಾಲೆಯ ಕೊನೆಯ ಪರೀಕ್ಷೆಯೇ.

ನಿಜವಾದ ತಲೆನೋವು ನಮ್ಮ ಮೂರು ವರ್ಷದ ಡಿಗ್ರಿ. ಬಿಇ ನಾಲ್ಕು ವರ್ಷ, ಅವರಿಗೆ ಚಿಂತೆ ಇಲ್ಲ. ಬಿಎ, ಬಿಕಾಂ, ಬಿಎಸ್ಸಿ ಮಾಡಿದವರನ್ನು ಕೆಲವು ಯೂನಿವರ್ಸಿಟಿಗಳು ಮಾಸ್ಟರ್ಸ್‌ಗೆ ನೇರವಾಗಿ ತೆಗೆದುಕೊಳ್ಳುತ್ತವೆ, ಕೆಲವು ಇನ್ನೊಂದು ವರ್ಷದ ಓದು ಕೇಳುತ್ತವೆ. ಇದನ್ನು ಸರ್ಕಾರ ತೀರ್ಮಾನ ಮಾಡುವುದಿಲ್ಲ. ಖಾಸಗಿ ಸಂಸ್ಥೆಗಳು ದುಡ್ಡು ತೆಗೆದುಕೊಂಡು, ನಿಮ್ಮ ಓದು ಇಲ್ಲಿನ ಯಾವುದಕ್ಕೆ ಸಮ ಅಂತ ವರದಿ ಕೊಡುತ್ತವೆ, ಕೊನೆಗೆ ಒಪ್ಪುವುದು ಬಿಡುವುದು ಯೂನಿವರ್ಸಿಟಿಗೆ ಸೇರಿದ್ದು. ಆ ಸಂಸ್ಥೆಗಳದ್ದೇ ಒಂದು ಒಕ್ಕೂಟ ಇದೆ, ನೇಸಸ್ (NACES) ಅಂತ, 1987ರಲ್ಲಿ ಶುರುವಾದದ್ದು. ಅದರ ಸದಸ್ಯ ಸಂಸ್ಥೆಯ ವರದಿಯೇ ಬೇಕು ಅನ್ನುವ ಕಡೆಗಳು ಎಷ್ಟೋ ಇವೆ.

ದುಡ್ಡು ಕಟ್ಟುವ ಮೊದಲು ಎರಡು ವಿಷಯ ಕೇಳಿಕೊಳ್ಳಿ: ಯಾವ ಸಂಸ್ಥೆ, ಯಾವ ವರದಿ. ನಾನು ಕೇಳದೆ ಡಾಕ್ಯುಮೆಂಟ್ ವರದಿ ತರಿಸಿದೆ. ಅದರಲ್ಲಿ ಯಾವ ಡಿಗ್ರಿಗೆ ಸಮ ಅಂತಷ್ಟೇ ಇರುತ್ತದೆ, ಕೆಲಸಕ್ಕೆ ಎಷ್ಟೋ ಸಲ ಅದು ಸಾಕು. ಯೂನಿವರ್ಸಿಟಿಗೆ ಒಂದೊಂದು ಸಬ್ಜೆಕ್ಟಿನ ಕ್ರೆಡಿಟ್, ಗ್ರೇಡ್ ತೋರಿಸುವ ಕೋರ್ಸ್ ಬೈ ಕೋರ್ಸ್ ವರದಿ ಬೇಕಿತ್ತು. ಸುಮ್ನೆ ಎರಡು ಸಲ ದುಡ್ಡು ಕಟ್ಟಿದೆ.

ಇನ್ನು ಮಾರ್ಕ್ಸ್. ನಮ್ಮಲ್ಲಿ 60 ಅಂದರೆ ಫಸ್ಟ್ ಕ್ಲಾಸ್, ಇಲ್ಲಿನ ಶಾಲೆಗಳಲ್ಲಿ 60ಕ್ಕೆ ಸಾಮಾನ್ಯವಾಗಿ ಡಿ ಗ್ರೇಡ್! ಅದಕ್ಕೇ ಜಿಪಿಎ, ಅಂದರೆ ಇಲ್ಲಿನ ಗ್ರೇಡುಗಳ ಸರಾಸರಿ, ಅದರ ಲೆಕ್ಕ ನೀವೇ ಹಾಕಲು ಹೋಗಬೇಡಿ. ಅರ್ಜಿಯಲ್ಲಿ ಮಾರ್ಕ್ಸ್ ಕಾರ್ಡಿನಲ್ಲಿ ಇರುವ ಹಾಗೇ ಬರೆದು, ಫಸ್ಟ್ ಕ್ಲಾಸ್ ಬಂದಿದ್ದರೆ ಪಕ್ಕದಲ್ಲಿ ಹಾಗಂತ ಸೇರಿಸಿ.