ಡಿಬಿಎಸ್ ಮಾಡಿಸುವ ಮುನ್ನ: ಯಾವ ತೊಂದರೆ ಇಳಿದೀತು, ಯಾವುದು ಉಳಿದೀತು?

ಪಾರ್ಕಿನ್ಸನ್ ರೋಗಿಗಳ ಚಲನೆಯನ್ನು ಪರೀಕ್ಷಿಸಿ ಅಂಕ ಹಾಕುವುದು ನನ್ನ ಕೆಲಸ. ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಅಂದರೆ ಡಿಬಿಎಸ್ ಎಂದರೆ ಮೆದುಳಿನ ಆಳಕ್ಕೆ ಎಲೆಕ್ಟ್ರೋಡ್ ಇಳಿಸಿ, ಮೈಯೊಳಗಿಟ್ಟ ಸಣ್ಣ ಯಂತ್ರದಿಂದ ಕರೆಂಟು ಹಾಯಿಸುವ ಚಿಕಿತ್ಸೆ. ಅದನ್ನು ಮಾಡಿಸಬೇಕೆಂದು ಬರುವವರ ಮನೆಯವರು ಮೊದಲು ಕೇಳುವುದು "ಇವರಿಗೆ ಗುಣವಾಗುತ್ತದೆಯೇ?" ಎಂದು. ಆ ಪ್ರಶ್ನೆಯನ್ನು ಬಿಡಿಸಿ ಕೇಳಿ ಎನ್ನುತ್ತೇನೆ. ನಡುಕ, ಬಿಗಿತ, ಬೀಳುವುದು, ಮಾತು, ನೆನಪು – ಒಂದೊಂದಕ್ಕೂ ಉತ್ತರ ಬೇರೆ.

ಆಸ್ಪತ್ರೆಗೆ ಬರುವ ಮೊದಲು ಕೆಲವು ದಿನ ಲೆಕ್ಕ ಬರೆದಿಡಿ. ಹಾಳೆಯಲ್ಲಿ ಅರ್ಧ ಗಂಟೆಗೊಂದು ಮನೆ ಹಾಕಿ, ಆಗ ಮಾತ್ರೆ ಕೆಲಸ ಮಾಡುತ್ತಿತ್ತೇ, ಅದರ ಪ್ರಭಾವ ಇಳಿದಿತ್ತೇ, ಮೈ ತಾನಾಗಿ ತಿರುಚುತ್ತಿತ್ತೇ, ನಿದ್ರೆಯೇ ಎಂದು ಗುರುತು ಹಾಕಿ. ಇದನ್ನು ರೋಗಿಯ ಜೊತೆಗಿರುವವರು ಬರೆದರೆ ಇನ್ನೂ ಒಳ್ಳೆಯದು.

ಮುಂದಿನದು ಲೆವೊಡೋಪಾ ಪರೀಕ್ಷೆ. ಲೆವೊಡೋಪಾ ಎಂದರೆ ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಮಾತ್ರೆ. ನನ್ನ ಮಟ್ಟಿಗೆ ಭವಿಷ್ಯವನ್ನು ಇದರಷ್ಟು ಚೆನ್ನಾಗಿ ಹೇಳುವುದು ಬೇರೆ ಯಾವುದೂ ಇಲ್ಲ. ವೈದ್ಯರ ಸೂಚನೆಯಂತೆ ಹಿಂದಿನ ರಾತ್ರಿಯಿಂದ ಸುಮಾರು 12 ಗಂಟೆ ಮಾತ್ರೆ ನಿಲ್ಲಿಸಿರುತ್ತೇವೆ. ನೀವಾಗಿಯೇ ಮನೆಯಲ್ಲಿ ಇದನ್ನು ಮಾಡಬೇಡಿ. ಬೆಳಿಗ್ಗೆ ತೋರುಬೆರಳನ್ನು ಹೆಬ್ಬೆರಳಿಗೆ ತಟ್ಟಲು ಹೇಳುತ್ತೇನೆ. ಮೊದಲ ಮೂರು ನಾಲ್ಕು ಸಲ ಬೆರಳು ಅಗಲವಾಗಿ ತೆರೆಯುತ್ತದೆ, ಆಮೇಲೆ ಕಿರಿದಾಗುತ್ತ ಬಂದು ನಡುವೆಯೇ ನಿಂತುಬಿಡುತ್ತದೆ. ಎದೆಗೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳಿಸುತ್ತೇನೆ, ನಡೆಸುತ್ತೇನೆ, ತಿರುಗಿಸುತ್ತೇನೆ. ನಂತರ ರೂಢಿಗಿಂತ ತುಸು ಹೆಚ್ಚಿನ ಪ್ರಮಾಣದ ಮಾತ್ರೆ ಕೊಟ್ಟು, ಅದು ಪೂರ್ತಿ ಹಿಡಿದ ಮೇಲೆ ಎಲ್ಲವನ್ನೂ ಮತ್ತೆ ಮಾಡಿಸುತ್ತೇನೆ. ಅಂಕ ಹೆಚ್ಚಿದ್ದಷ್ಟೂ ತೊಂದರೆ ಹೆಚ್ಚು; 50 ಇದ್ದ ಅಂಕ 25ಕ್ಕೆ ಇಳಿದರೆ ಶೇ 50ರಷ್ಟು ಸುಧಾರಣೆ. ಸಾಮಾನ್ಯವಾಗಿ ಶೇ 30ರಿಂದ 33ರಷ್ಟಾದರೂ ಇಳಿಯಬೇಕೆಂದು ಬಯಸುತ್ತಾರೆ.

ಒಟ್ಟು ಅಂಕ ನೋಡಿ ಎದ್ದುಬರಬೇಡಿ, ಬಿಡಿ ಅಂಕಗಳನ್ನು ತೋರಿಸಿ ಎಂದು ಕೇಳಿ. ಮಾತ್ರೆಯ ಒಳ್ಳೆಯ ಗಳಿಗೆಯಲ್ಲಿ ಸರಿಹೋಗುವುದು ಡಿಬಿಎಸ್‌ನಿಂದಲೂ ಸರಿಹೋಗುವ ಸಂಭವ ಹೆಚ್ಚು, ಅದೂ ದಿನದ ಹೆಚ್ಚು ಹೊತ್ತು. ಮಾತ್ರೆ ಹಿಡಿದಿದ್ದಾಗಲೂ ಬಾಗಿಲ ಬಳಿ ಕಾಲು ಅಂಟಿಕೊಳ್ಳುತ್ತಿದ್ದರೆ, ಮೈಯ ಸಮತೋಲ ತಪ್ಪುತ್ತಿದ್ದರೆ, ಆ ತೊಂದರೆ ಬಹುಮಟ್ಟಿಗೆ ಉಳಿಯುತ್ತದೆ. ಮಾತು ಕೆಲವರಲ್ಲಿ ಇನ್ನಷ್ಟು ಅಸ್ಪಷ್ಟವಾಗುವುದೂ ಉಂಟು. ನಡುಕ ಮಾತ್ರ ಈ ನಿಯಮಕ್ಕೆ ಹೊರತು: ಮಾತ್ರೆಗೆ ಬಗ್ಗದ ನಡುಕವೂ ಡಿಬಿಎಸ್‌ಗೆ ಬಗ್ಗಬಹುದು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1987ರಲ್ಲಿ ಮೆದುಳಿನ ಶಸ್ತ್ರವೈದ್ಯ ಬೆನಬೀದ್ ಮತ್ತು ಸಂಗಡಿಗರು ಈ ಚಿಕಿತ್ಸೆಯನ್ನು ಆರಂಭಿಸಿದ್ದೇ ನಡುಕಕ್ಕಾಗಿ.

ನೆನಪು ಮತ್ತು ಮನಸ್ಸಿನ ಪರೀಕ್ಷೆಯನ್ನು ತಪ್ಪಿಸಬೇಡಿ. ಮರೆಗುಳಿತನ ಕಾಣಿಸಿಕೊಂಡಿದ್ದರೆ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ಖಿನ್ನತೆಯಿದ್ದರೆ ಅದಕ್ಕೆ ಮೊದಲು ಚಿಕಿತ್ಸೆಯಾಗಬೇಕು. ವಯಸ್ಸೊಂದನ್ನೇ ನೋಡಿ ಯಾರನ್ನೂ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ, ಆದರೂ ಎಪ್ಪತ್ತು ದಾಟಿದವರಲ್ಲಿ ಈ ಪರೀಕ್ಷೆಗಳನ್ನು ಇನ್ನಷ್ಟು ಗಮನವಿಟ್ಟು ನೋಡಬೇಕು.

ರೋಗ ಶುರುವಾದ ಹೊಸದರಲ್ಲೇ ಪದೇ ಪದೇ ಬೀಳುವುದು, ಎದ್ದು ನಿಂತರೆ ಕಣ್ಣು ಕತ್ತಲಿಡುವುದು, ದೃಷ್ಟಿಯನ್ನು ಮೇಲೆ ಕೆಳಗೆ ಹೊರಳಿಸಲಾಗದಿರುವುದು ಇದ್ದರೆ ವೈದ್ಯರಿಗೆ ತಿಳಿಸಿ. ಅದು ಪಾರ್ಕಿನ್ಸನ್ ಹೋಲುವ ಬೇರೆ ರೋಗವಿರಬಹುದು, ಅಂಥ ರೋಗಗಳಲ್ಲಿ ಡಿಬಿಎಸ್ ಫಲ ಕೊಡುವುದಿಲ್ಲ.

ಕೊನೆಗೆ ರೋಗಿಯ ಕೈಯಲ್ಲೇ ಅವರ ಆಸೆಗಳನ್ನು ಬರೆಸಿ. ಅಂಗಿಯ ಗುಂಡಿ ಹಾಕಿಕೊಳ್ಳಬೇಕು, ರಾತ್ರಿ ಮಗ್ಗುಲು ಬದಲಿಸಬೇಕು – ಇಂಥ ಬಿಡಿ ಕೆಲಸಗಳಿರಲಿ. ಆ ಪಟ್ಟಿಯನ್ನು ಪರೀಕ್ಷೆಯ ಅಂಕಗಳ ಪಕ್ಕದಲ್ಲಿಟ್ಟು ವೈದ್ಯರೊಂದಿಗೆ ಮಾತನಾಡಿ. "ಬೀಳಬಾರದು" ಎನ್ನುವುದೇ ಮೊದಲ ಆಸೆಯಾಗಿದ್ದು, ಮಾತ್ರೆ ಹಿಡಿದಾಗಲೂ ಬೀಳುತ್ತಿದ್ದರೆ, ಅದಕ್ಕಾಗಿ ಮೆದುಳಿಗೆ ಎಲೆಕ್ಟ್ರೋಡ್ ಹಾಕಿಸಿಕೊಳ್ಳಬೇಡಿ ಎಂದು ನಾನು ನೇರವಾಗಿ ಹೇಳುತ್ತೇನೆ. ಆ ಮಾತು ಶಸ್ತ್ರಚಿಕಿತ್ಸೆಗೆ ಮೊದಲೇ ಅವರ ಕಿವಿಗೆ ಬೀಳಬೇಕು.

ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ, ಯಂತ್ರ ಚಾಲೂ ಮಾಡುವ ಮುನ್ನವೇ ಹಲವರಿಗೆ ಹಗುರವೆನಿಸುತ್ತದೆ. ಎಲೆಕ್ಟ್ರೋಡ್ ಇಳಿಸಿದ ಜಾಗದ ಊತದ ಪರಿಣಾಮ ಅದು, ಹೆಚ್ಚು ದಿನ ಉಳಿಯುವುದಿಲ್ಲ. ಕರೆಂಟಿನ ಪ್ರಮಾಣ ಹೊಂದಿಸಿ ಮಾತ್ರೆ ಸರಿಪಡಿಸಲು ತಿಂಗಳುಗಳೇ ಹಿಡಿಯುತ್ತವೆ. ಹಳೆಯ ಲೆಕ್ಕದ ಹಾಳೆಯನ್ನು ಹೊಸದರೊಂದಿಗೆ ಹೋಲಿಸುವುದು ಆಮೇಲೆಯೇ.